ಆಂಬುಲೆನ್ಸ್ ಸಿಬ್ಬಂದಿಯ ನಿದ್ದೆ: ಸೇವೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಥಾಣೆ, ಕಲ್ಯಾಣ್, ಡೊಂಬಿವಲಿ ಮತ್ತು ನವಿಮುಂಬಯಿಯಲ್ಲಿ ಆಂಬುಲೆನ್ಸ್ ಸೇವೆ ನಡೆಸುತ್ತಿರುವ ಮಹಾನಗರಪಾಲಿಕೆಗಳ ಆರೋಗ್ಯಾಧಿಕಾರಿಗಳಿಗೆ, ಆಸ್ಪತ್ರೆಗಳ ಆಡಳಿತಗಾರರಿಗೆ, ಸಂಘ ಮತ್ತು ಟ್ರಸ್ಟುಗಳ ಪದಾಧಿಕಾರಿಗಳಿಗೆ, ವಾಹನ ಮಾಲೀಕರಿಗೆ,



ಆಂಬುಲೆನ್ಸ್ ಸೇವೆಗೆ ಬೇಕಾದದ್ದು ಮೂರು: ವಾಹನ, ಅದರೊಳಗಿನ ಉಪಕರಣ, ಅದನ್ನು ನಡೆಸುವ ಜನ. ಮೊದಲ ಎರಡಕ್ಕೆ ದೇಶದಲ್ಲಿ ಬರೆದಿಟ್ಟ ಮಾನದಂಡವಿದೆ. ಎಐಎಸ್-125 ಎಂಬ ಸಂಹಿತೆ ರಸ್ತೆ ಆಂಬುಲೆನ್ಸುಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ರೋಗಿಯನ್ನು ಕೇವಲ ಸಾಗಿಸುವ ಗಾಡಿ ಯಾವುದು, ಪ್ರಾಥಮಿಕ ಜೀವರಕ್ಷಕ ಸೌಲಭ್ಯವಿರುವುದು ಯಾವುದು, ವೆಂಟಿಲೇಟರಿನಂಥ ಉನ್ನತ ಸೌಲಭ್ಯವಿರುವುದು ಯಾವುದು ಎಂಬುದನ್ನು ಅದು ಗೊತ್ತುಮಾಡುತ್ತದೆ. ಮೂರನೆಯದಾದ ಜನ ಎಷ್ಟು ಹೊತ್ತಿನಿಂದ ಎಚ್ಚರವಿದ್ದಾರೆ, ಹಿಂದಿನ ರಾತ್ರಿ ಎಷ್ಟು ಗಂಟೆ ಮಲಗಿದ್ದರು ಎಂಬುದಕ್ಕೆ ಮಾತ್ರ ಹೀಗೆ ಹಿಡಿದು ನೋಡುವ ಅಳತೆಗೋಲಿಲ್ಲ. ಚಾಲಕ, ಅವರ ಜೊತೆಗಿರುವ ಸಹಾಯಕ, ತುರ್ತು ವೈದ್ಯಕೀಯ ತಂತ್ರಜ್ಞ, ಕೆಲವು ವಾಹನಗಳಲ್ಲಿರುವ ವೈದ್ಯ, ಈ ನಾಲ್ವರ ನಿದ್ದೆ ಈ ಪತ್ರದ ವಿಷಯ.

ಈ ನಾಲ್ಕು ಊರುಗಳಲ್ಲಿ ಹಲವು ಬಗೆಯ ಆಂಬುಲೆನ್ಸುಗಳು ಓಡುತ್ತವೆ. ಮಹಾರಾಷ್ಟ್ರದ 108 ತುರ್ತು ಸೇವೆ 2014ರ ಜನವರಿಯಲ್ಲಿ ರಾಜ್ಯದಾದ್ಯಂತ 937 ವಾಹನಗಳೊಂದಿಗೆ ಆರಂಭವಾಯಿತು. ಅವುಗಳಲ್ಲಿ 233 ಉನ್ನತ ಜೀವರಕ್ಷಕ ವಾಹನಗಳು, 704 ಪ್ರಾಥಮಿಕ ಜೀವರಕ್ಷಕ ವಾಹನಗಳು. ವಾಹನದಲ್ಲಿ ವೈದ್ಯರನ್ನೂ ಕೂರಿಸುವುದು ಈ ಸೇವೆಯ ವಿಶೇಷ. ಗರ್ಭಿಣಿಯರಿಗೂ ಹಸುಗೂಸುಗಳಿಗೂ 102 ಸಂಖ್ಯೆಯ ವಾಹನಗಳಿವೆ. ಪಾಲಿಕೆಗಳಿಗೆ ತಮ್ಮವೇ ಆಂಬುಲೆನ್ಸುಗಳಿವೆ. ದೊಡ್ಡ ಖಾಸಗಿ ಆಸ್ಪತ್ರೆಗಳಿಗೂ ಇವೆ. ಇವಲ್ಲದೆ ಸಂಘ, ಮಂಡಳ, ದೇವಸ್ಥಾನ ಮತ್ತು ಟ್ರಸ್ಟುಗಳು ದಾನಿಗಳಿಂದ ಪಡೆದು ನಡೆಸುವ ಗಾಡಿಗಳಿವೆ. ಆಸ್ಪತ್ರೆಯ ಗೇಟಿನ ಹೊರಗೆ ಸಾಲಾಗಿ ನಿಲ್ಲುವ, ಒಬ್ಬ ಮಾಲೀಕನ ಒಂದೋ ಎರಡೋ ಗಾಡಿಗಳೂ ಇವೆ. ಎಲ್ಲದರ ಮೈಮೇಲೂ ಬರೆದಿರುವ ಮಾತು ಒಂದೇ: 24 ಗಂಟೆ ಸೇವೆ. ಈ 24 ಗಂಟೆಗಳನ್ನು ಎಷ್ಟು ಜನ ಹಂಚಿಕೊಂಡಿದ್ದಾರೆ ಎಂಬುದು ಗಾಡಿಯಿಂದ ಗಾಡಿಗೆ ಬೇರೆ.

ಲೆಕ್ಕ ಸರಳವಾಗಿದೆ. ವಾರಕ್ಕೆ 168 ಗಂಟೆ. ಒಬ್ಬ ಕೆಲಸಗಾರ ವಾರಕ್ಕೆ 48 ಗಂಟೆ ದುಡಿದರೆ ಚಾಲಕನ ಒಂದು ಸೀಟಿಗೆ ಮೂರೂವರೆ ಜನ ಬೇಕು. ಜ್ವರ, ಮದುವೆ, ಊರಿನ ಜಾತ್ರೆ, ಗಣಪತಿ ಹಬ್ಬದ ರಜೆ ಎಲ್ಲ ಸೇರಿದರೆ ನಾಲ್ಕು ಜನ. ರೋಗಿಯ ಪಕ್ಕ ಕೂರುವ ಸಹಾಯಕನಿಗೂ ಇದೇ ಲೆಕ್ಕ ಹಿಡಿದರೆ ಒಂದು ಗಾಡಿಗೆ ಎಂಟು ಜನ. ಎರಡೇ ಪಾಳಿಯಲ್ಲಿ, 12 ಗಂಟೆಗೊಬ್ಬರಂತೆ ಇಬ್ಬರೇ ಚಾಲಕರು ವಾರದ ರಜೆಯಿಲ್ಲದೆ ನಡೆಸಿದರೆ ಒಬ್ಬೊಬ್ಬರ ಪಾಲಿಗೆ 84 ಗಂಟೆ ಬೀಳುತ್ತದೆ. ಅವರಲ್ಲೊಬ್ಬರು ಊರಿಗೆ ಹೋದ ದಿನ ಇನ್ನೊಬ್ಬರದು ಡಬಲ್ ಡ್ಯೂಟಿ. ಒಬ್ಬನೇ ಚಾಲಕನಿರುವ ಗಾಡಿಯಲ್ಲಿ ಆತ ಗಾಡಿಯಲ್ಲೇ ಉಣ್ಣುತ್ತಾನೆ, ಸ್ಟ್ರೆಚರಿನ ಮೇಲೇ ಮಲಗುತ್ತಾನೆ. ಫೋನು ಬಂದರೆ ಕೆಲಸ, ಬಾರದಿದ್ದರೆ ಕಾಯುವುದು. ಕಾಯುವುದನ್ನು ವಿಶ್ರಾಂತಿ ಎಂದು ಲೆಕ್ಕ ಹಿಡಿಯುವುದರಿಂದ ಅವನ ದುಡಿಮೆ ಕಾಗದದಲ್ಲಿ ಹಗುರವಾಗಿ ಕಾಣುತ್ತದೆ. ಯಾವ ಕ್ಷಣದಲ್ಲಾದರೂ ಫೋನು ಬರಬಹುದೆಂದು ಕಿವಿ ತೆರೆದಿಟ್ಟು ಮಲಗಿದವನಿಗೆ ಗಾಢ ನಿದ್ದೆ ಹತ್ತುವುದಿಲ್ಲ.

ಈ ಭಾಗದ ಭೂಗೋಳ ಆ ದುಡಿಮೆಯನ್ನು ಇನ್ನಷ್ಟು ಉದ್ದಮಾಡುತ್ತದೆ. ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ಕಲ್ಯಾಣದ ರುಕ್ಮಿಣಿಬಾಯಿ ಆಸ್ಪತ್ರೆ, ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ, ವಾಶಿಯ ಪಾಲಿಕೆ ಆಸ್ಪತ್ರೆ ಇವೆಲ್ಲ ಸಾರ್ವಜನಿಕ ಆಸ್ಪತ್ರೆಗಳೇ. ಆದರೂ ತಲೆಗೆ ಪೆಟ್ಟು, ಸುಟ್ಟ ಗಾಯ, ಹೃದಯದ ತೊಂದರೆ ಎಂದರೆ ಹಲವು ರೋಗಿಗಳನ್ನು ಮುಂಬಯಿಯ ಸಾಯನ್, ಕೆಇಎಂ, ಜೆಜೆ ಆಸ್ಪತ್ರೆಗಳಿಗೆ ಕಳಿಸಲಾಗುತ್ತದೆ. ಮುಂಬಯಿ ಸಿಎಸ್‌ಎಂಟಿಯಿಂದ ರೈಲು ದಾರಿಯಲ್ಲಿ ಡೊಂಬಿವಲಿ ಸುಮಾರು 48 ಕಿ.ಮೀ., ಕಲ್ಯಾಣ ಸುಮಾರು 54 ಕಿ.ಮೀ. ರಸ್ತೆಯಲ್ಲಿ ಕಲ್ಯಾಣ-ಶೀಳ್ ರಸ್ತೆ, ಶೀಳ್‌ಫಾಟಾ, ಮುಂಬ್ರಾ ಬೈಪಾಸು, ಪೂರ್ವ ದ್ರುತಗತಿ ಹೆದ್ದಾರಿ ಎಂದು ಒಂದೊಂದು ಕಡೆಯೂ ಗಾಡಿ ಸಿಕ್ಕಿಕೊಳ್ಳುತ್ತದೆ. ಥಾಣೆಯಲ್ಲಿ ಘೋಡ್‌ಬಂದರ್ ರಸ್ತೆ, ನವಿಮುಂಬಯಿಯಲ್ಲಿ ಥಾಣೆ-ಬೇಲಾಪುರ ರಸ್ತೆ ಮತ್ತು ಸಾಯನ್-ಪನ್ವೇಲ್ ಹೆದ್ದಾರಿಯ ಪಾಡೂ ಅದೇ. ಮಳೆಗಾಲದ ಗುಂಡಿಗಳಲ್ಲಿ, ರೋಗಿಗೆ ಕುಲುಕಾಟವಾಗದಂತೆ, ಆದರೆ ತಡವೂ ಆಗದಂತೆ ಓಡಿಸಬೇಕು. ಆಸ್ಪತ್ರೆ ಮುಟ್ಟಿದ ಮೇಲೆ ಹಾಸಿಗೆ ಸಿಗುವವರೆಗೆ ಕಾಯಬೇಕು. ಖಾಲಿ ಗಾಡಿಯನ್ನು ಮತ್ತೆ ಅಷ್ಟೇ ದೂರ ಹಿಂದಕ್ಕೆ ತರಬೇಕು. ಹೋಗುವಾಗ ರೋಗಿಯ ನರಳಿಕೆ, ಸೈರನ್ನಿನ ಕೂಗು ಚಾಲಕನನ್ನು ಎಚ್ಚರವಾಗಿಡುತ್ತವೆ. ಬರುವಾಗ ಅವೆರಡೂ ಇರುವುದಿಲ್ಲ. ಜೊಂಪು ಹತ್ತುವುದು ಹೆಚ್ಚಾಗಿ ಆ ಮರುದಾರಿಯಲ್ಲಿ.

ಪಾಳಿ ಮುಗಿಯಲು ಹತ್ತು ನಿಮಿಷವಿದ್ದಾಗ ಬರುವ ಕಾಲ್ ಕೂಡ ಇಂಥ ದಾರಿಯದೇ ಆದರೆ 12 ಗಂಟೆಯ ಡ್ಯೂಟಿ 15 ಆಗುತ್ತದೆ. ಆಮೇಲೆ ಮನೆಗೆ ಹೋಗುವ ಪ್ರಯಾಣ. ಬಾಡಿಗೆ ಕಡಿಮೆಯೆಂದು ದಿವಾ, ಟಿಟ್ವಾಳಾ, ಬದ್ಲಾಪುರದ ಕಡೆ ಮನೆ ಮಾಡಿದವರಿಗೆ ಲೋಕಲ್ ರೈಲು ಮತ್ತು ಶೇರ್ ರಿಕ್ಷಾ ಸೇರಿ ಹೋಗಿಬರಲು ಮೂರು ಗಂಟೆ ಬೇಕೆಂದು ಇಟ್ಟುಕೊಳ್ಳೋಣ. ಹನ್ನೆರಡು ಗಂಟೆ ಪಾಳಿ, ವಾಹನ ತೊಳೆದು ಒಪ್ಪಿಸಲು ಒಂದು ಗಂಟೆ, ಪ್ರಯಾಣಕ್ಕೆ ಮೂರು ಸೇರಿದರೆ 16. ಉಳಿದ ಎಂಟರಲ್ಲಿ ಸ್ನಾನ, ಊಟ, ನೀರು ಹಿಡಿಯುವುದು, ಮಗುವಿನ ಶಾಲೆ, ಮನೆಯವರೊಡನೆ ಎರಡು ಮಾತು. ಏನೂ ಕೆಡದೆ, ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆದ ದಿನವೂ ನಿದ್ದೆಗೆ ಸಿಗುವುದು ಐದು-ಆರು ಗಂಟೆ. ಅವಘಡದ ದಿನಗಳಲ್ಲಿ ಅದೂ ಇಲ್ಲ. ಡೊಂಬಿವಲಿಯ ಎಂಐಡಿಸಿ ಪ್ರದೇಶದ ರಾಸಾಯನಿಕ ಕಾರ್ಖಾನೆಗಳಲ್ಲಿ 2016ರ ಮೇ 26ರಂದು ಮತ್ತು 2024ರ ಮೇ 23ರಂದು ಸ್ಫೋಟಗಳಾದವು. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್ ರೈಲುಗಳಿಂದ ಜನ ಹಳಿಗೆ ಬಿದ್ದರು. ಇಂಥ ದಿನ ಪಾಳಿಯ ವೇಳಾಪಟ್ಟಿ ನೋಡುತ್ತ ಕೂರುವ ಕೆಲಸಗಾರನಿಲ್ಲ. ಬದಲಿ ಜನ ಇಲ್ಲದ ಕಡೆ ಮರುದಿನದ ಪಾಳಿಗೂ ಅವರೇ ಬರುತ್ತಾರೆ.

ನಿದ್ದೆ ಮನುಷ್ಯನ ದೇಹದಲ್ಲಿ ಎರಡು ಶಕ್ತಿಗಳ ಹಿಡಿತದಲ್ಲಿದೆ. ಒಂದು, ಎಚ್ಚರವಿದ್ದಷ್ಟೂ ಏರುವ ನಿದ್ದೆಯ ಒತ್ತಡ. ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಗಂಟೆಗಂಟೆಗೆ ಕೂಡುತ್ತ ಹೋಗಿ, ಮಲಗಿದಾಗ ಇಳಿಯುತ್ತದೆ. ಎರಡು, ಹಗಲು-ರಾತ್ರಿಗೆ ಹೊಂದಿಕೊಂಡ ದೇಹದ ಗಡಿಯಾರ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂದು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರ ವೈದ್ಯಕೀಯ ನೊಬೆಲ್ ಬಂತು. ಗಡಿಯಾರದ ಪ್ರಕಾರ ದೇಹದ ಚುರುಕು ತೀರ ಕೆಳಗಿಳಿಯುವ ಹೊತ್ತು ನಸುಕಿನ ಮೂರರಿಂದ ಐದರವರೆಗೆ. ಮಧ್ಯಾಹ್ನ ಊಟದ ನಂತರ ಇನ್ನೊಂದು ಸಣ್ಣ ಇಳಿತವಿದೆ. ರಾತ್ರಿಪಾಳಿಯವನಿಗೆ ನಸುಕಿನಲ್ಲಿ ಎರಡೂ ಶಕ್ತಿಗಳು ಒಟ್ಟಿಗೆ ಎರಗುತ್ತವೆ: ಒತ್ತಡ ಏರಿರುತ್ತದೆ, ಗಡಿಯಾರ ಇಳಿದಿರುತ್ತದೆ. ಬೆಳಗಾದ ಮೇಲೆ ಮಲಗಿದರೆ ಗಡಿಯಾರ ಎಬ್ಬಿಸುತ್ತದೆ. ಒಂದೇ ಕೋಣೆಯ ಚಾಳಿನಲ್ಲಿ ಕುಕ್ಕರಿನ ಸೀಟಿ, ನೆರೆಮನೆಯ ಟಿವಿ, ತಗಡಿನ ಸೂರಿನ ಕಾವು ಆ ನಿದ್ದೆಯನ್ನು ಇನ್ನಷ್ಟು ತುಂಡರಿಸುತ್ತವೆ. ಹಗಲು ನಿದ್ದೆ ಗಂಟೆಯ ಲೆಕ್ಕದಲ್ಲೂ ಕಡಿಮೆ, ಆಳದಲ್ಲೂ ಕಡಿಮೆ.

ನಿದ್ದೆಗೆಟ್ಟವನ ಸ್ಥಿತಿಯನ್ನು ಕುಡಿದವನ ಸ್ಥಿತಿಯೊಂದಿಗೆ ಹೋಲಿಸಿ ಅಳೆದ ಪ್ರಯೋಗವಿದೆ. ಆಸ್ಟ್ರೇಲಿಯಾದ ಸಂಶೋಧಕರಾದ ಡಾಸನ್ ಮತ್ತು ರೀಡ್ 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಸತತ 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05ರಷ್ಟು ಮದ್ಯವಿರುವವನ ಮಟ್ಟಕ್ಕೆ ಇಳಿಯುತ್ತದೆ. 24 ಗಂಟೆಯಾದರೆ ಸುಮಾರು ಶೇ. 0.10ರ ಮಟ್ಟಕ್ಕೆ. ಭಾರತದ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಲ್ಲಿ ಚಾಲಕನಿಗಿರುವ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮದ್ಯ, ಅಂದರೆ ಶೇ. 0.03. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹತ್ತು ದಾಟಿದ ಮೇಲೂ ಸ್ಟಿಯರಿಂಗ್ ಹಿಡಿದಿರುವ ಚಾಲಕ ಹನಿ ಮದ್ಯ ಮುಟ್ಟದೆಯೇ ಆ ಮಿತಿ ದಾಟಿದವನ ಸ್ಥಿತಿಗೆ ಇಳಿದಿರುತ್ತಾನೆ. ನಾಕಾಬಂದಿಯಲ್ಲಿ ಪೊಲೀಸರು ಬಾಯಿಗೆ ಹಿಡಿಯುವ ಯಂತ್ರ ಇದನ್ನು ತೋರಿಸುವುದಿಲ್ಲ.

ದಿನಕ್ಕೆ ಸ್ವಲ್ಪಸ್ವಲ್ಪವೇ ಕಡಿಮೆಯಾದ ನಿದ್ದೆಯೂ ಸಾಲದಂತೆ ಬೆಳೆಯುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ವಾರ ದಿನಕ್ಕೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ದೆ ಮಾಡಿದವರ ಗಮನಶಕ್ತಿ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರಷ್ಟೇ ಕುಂದಿತ್ತು. ಆದರೆ ಅವರಿಗೆ ಹಾಗೆನಿಸುತ್ತಿರಲಿಲ್ಲ. ಒಗ್ಗಿಹೋಗಿದೆ ಎಂದೇ ಭಾವಿಸಿದ್ದರು. ‘ನಮಗೆ ರೂಢಿಯಾಗಿದೆ, ಏನೂ ಆಗೋದಿಲ್ಲ’ ಎಂದು ಚಾಲಕರು ಹೇಳುವ ಮಾತನ್ನು ಹಾಗೆಯೇ ನಂಬಬಾರದೆನ್ನುವುದಕ್ಕೆ ಕಾರಣ ಇದು. ಅವರು ಸುಳ್ಳಾಡುತ್ತಿಲ್ಲ. ತನ್ನ ಮಂಕನ್ನು ತಾನೇ ಅಳೆಯುವ ಶಕ್ತಿಯೂ ನಿದ್ದೆಯ ಜೊತೆಗೇ ಕುಂದಿರುತ್ತದೆ.

ಸಾಲ ಬೆಳೆದಾಗ ಮಿದುಳು ಅಪ್ಪಣೆ ಕೇಳದೆ ನಿದ್ದೆಯನ್ನು ವಸೂಲಿ ಮಾಡುತ್ತದೆ. ಕಣ್ಣು ತೆರೆದಿದ್ದರೂ ಕೆಲವೇ ಸೆಕೆಂಡು ಮನಸ್ಸು ಇಲ್ಲವಾಗುವ ಈ ಕಿರುನಿದ್ದೆ ಚಾಲಕನ ಅರಿವಿಗೇ ಬಾರದೆ ಕಳೆದುಹೋಗಬಹುದು. ಗಂಟೆಗೆ 60 ಕಿ.ಮೀ. ವೇಗದಲ್ಲಿ ನಾಲ್ಕು ಸೆಕೆಂಡಿಗೆ ಗಾಡಿ ಸುಮಾರು 67 ಮೀಟರು ಓಡುತ್ತದೆ. ಅದು ಲೋಕಲ್ ರೈಲಿನ ಮೂರು ಡಬ್ಬಿಗಳಷ್ಟು ಉದ್ದ. ಮುಂಬ್ರಾ ಬೈಪಾಸಿನ ತಿರುವಿನಲ್ಲಿ ಎದುರಿಗೆ ಕಂಟೇನರ್ ಲಾರಿ ಬರುತ್ತಿರುವಾಗ ಅಷ್ಟು ದೂರವನ್ನು ಯಾರೂ ಓಡಿಸುತ್ತಿರುವುದಿಲ್ಲ. ಇನ್ನೊಂದು ಅಪಾಯ ಎದ್ದ ಕೂಡಲೇ ಇರುವ ಮಂಪರು. ಗಾಢ ನಿದ್ದೆಯಿಂದ ಎಬ್ಬಿಸಿದವನ ಮಿದುಳು ಪೂರ್ತಿ ಎಚ್ಚರಗೊಳ್ಳಲು ಸಾಮಾನ್ಯವಾಗಿ 15ರಿಂದ 30 ನಿಮಿಷ ಬೇಕು. ಆಂಬುಲೆನ್ಸ್ ಕೆಲಸದಲ್ಲಿ ಫೋನು ಬಂದ ಎರಡು ಮೂರು ನಿಮಿಷಕ್ಕೆ ಗಾಡಿ ಹೊರಡಬೇಕು. ನಿದ್ದೆಗಣ್ಣಿನಲ್ಲಿ ಹೊರಟವನು ಅಷ್ಟು ಹೊತ್ತಿಗೆ ಅರ್ಧ ದಾರಿ ಸವೆಸಿರುತ್ತಾನೆ.

ಇದರ ಪೆಟ್ಟು ಮೂರು ಕಡೆ ಬೀಳುತ್ತದೆ. ಮೊದಲನೆಯದು ರಸ್ತೆಯ ಮೇಲೆ: ಗಾಡಿಯಲ್ಲಿರುವ ರೋಗಿ, ಸಂಬಂಧಿಕರು, ದಾರಿಹೋಕರು, ಚಾಲಕ. ಎರಡನೆಯದು ಚಿಕಿತ್ಸೆಯ ಮೇಲೆ. ಆಮ್ಲಜನಕದ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆ ಎಂದು ನೋಡುವುದು, ಔಷಧದ ಪ್ರಮಾಣ ಲೆಕ್ಕಹಾಕುವುದು, ರೋಗಿಯ ಉಸಿರಾಟದ ಸಣ್ಣ ಬದಲಾವಣೆಯನ್ನು ಗುರುತಿಸುವುದು, ಆಸ್ಪತ್ರೆಯ ವೈದ್ಯರಿಗೆ ಹೊತ್ತುಹೊತ್ತಿನ ವಿವರ ತಪ್ಪದೆ ಒಪ್ಪಿಸುವುದು ಇವೆಲ್ಲ ಗಮನದ ಕೆಲಸಗಳು. ಬೋಸ್ಟನ್ನಿನ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕಗಳಲ್ಲಿ ಕಿರಿಯ ವೈದ್ಯರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 24 ಗಂಟೆ ಮತ್ತು ಅದಕ್ಕೂ ಉದ್ದದ ಪಾಳಿಗಳಿದ್ದ ಹಳೆಯ ಕ್ರಮದಲ್ಲಿ ಗಂಭೀರ ವೈದ್ಯಕೀಯ ತಪ್ಪುಗಳು, ಪಾಳಿ ಕಿರಿದು ಮಾಡಿದ ಕ್ರಮಕ್ಕಿಂತ ಶೇ. 36ರಷ್ಟು ಹೆಚ್ಚಾಗಿದ್ದವು. ಆಸ್ಪತ್ರೆಯ ವೈದ್ಯನಿಗೆ ಪಕ್ಕದಲ್ಲಿ ನರ್ಸ್ ಇರುತ್ತಾರೆ, ಹಿರಿಯ ವೈದ್ಯರಿರುತ್ತಾರೆ. ಓಡುವ ಗಾಡಿಯ ಹಿಂಬದಿಯಲ್ಲಿ ತಪ್ಪನ್ನು ಹಿಡಿಯಲು ಇನ್ನೊಂದು ಜೋಡಿ ಕಣ್ಣಿರುವುದಿಲ್ಲ.

ಮೂರನೆಯ ಪೆಟ್ಟು ಕೆಲಸಗಾರನ ಮೈಮೇಲೇ ಬೀಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಕೂಡಿ ಪ್ರಕಟಿಸಿದ ವರದಿಯ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35-40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಹೆಚ್ಚು; ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು. ರಾತ್ರಿಪಾಳಿಯ ಕೆಲಸವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ವರ್ಗಕ್ಕೆ ಸೇರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅದೇ ವರ್ಗದಲ್ಲಿ ಉಳಿಸಿತು. ಆಮ್ಲಪಿತ್ತ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಬೆನ್ನುನೋವು ಈ ಕೆಲಸದ ನಿತ್ಯದ ಸಂಗಾತಿಗಳು. ನಿದ್ದೆ ತಡೆಯಲು ಬಳಸುವ ಮದ್ದುಗಳೂ ದೇಹವನ್ನು ತಿನ್ನುತ್ತವೆ. ಕಟಿಂಗ್ ಚಹಾದ ಮೇಲೆ ಕಟಿಂಗ್ ಚಹಾ, ತಂಬಾಕು, ಮಾವಾ. ಚಹಾ-ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ರಕ್ತದಿಂದ ಇಳಿಯಲು ಸುಮಾರು ಐದು ಗಂಟೆ ಬೇಕು. ಆದ್ದರಿಂದ ಪಾಳಿಯ ಕೊನೆಯಲ್ಲಿ ಕುಡಿದದ್ದು ಮನೆಯ ನಿದ್ದೆಯನ್ನೇ ಕದಿಯುತ್ತದೆ.

ಈ ಪತ್ರದ ಹಿಂದೆ ಒಂದು ರಾತ್ರಿಯ ಅನುಭವವಿದೆ. ಪತ್ರ ಬರೆದವರ ತಂದೆಯನ್ನು ಮಳೆಗಾಲದ ಒಂದು ನಡುರಾತ್ರಿ ಡೊಂಬಿವಲಿಯಿಂದ ಮುಂಬಯಿಗೆ ಸಾಗಿಸಬೇಕಾಯಿತು. ಗಾಡಿ ಓಡಿಸಿದವನು ವಿಜಯಪುರದ ಕಡೆಯ ಹುಡುಗ. ಮುಂದಿನ ಸೀಟಿನಲ್ಲಿ ಕೂತ ಮಗನಿಗೆ ಅವನು ಹೇಳಿದ ಮೊದಲ ಮಾತು: “ಅಣ್ಣಾರ, ಸುಮ್ನ ಕುಂಡ್ರಬ್ಯಾಡ್ರಿ. ಏನರ ಮಾತಾಡ್ಕೋತ ಇರ್ರಿ.” ಹಿಂದಿನ ದಿನ ಬೆಳಿಗ್ಗೆಯಿಂದ ಅವನು ಡ್ಯೂಟಿಯಲ್ಲಿದ್ದ; ಬದಲಿಗೆ ಬರಬೇಕಾದವನು ಬಂದಿರಲಿಲ್ಲ. ಐರೋಲಿ ದಾಟುವವರೆಗೆ ಊರಿನ ಮಳೆ, ಜೋಳದ ಬೆಳೆ, ತಂಗಿಯ ಮದುವೆ ಎಂದು ಇಬ್ಬರೂ ಮಾತಾಡಿದರು. ತಂದೆಯವರು ಬದುಕಿದರು. ಆ ಉಪಕಾರವನ್ನು ಆ ಮನೆ ಮರೆತಿಲ್ಲ. ಅಪ್ಪನ ಜೀವ ಅಂದು ಒಂದು ಹರಟೆಯ ಎಳೆಯ ಮೇಲೆ ನಿಂತಿತ್ತೆಂಬ ಅರಿವೂ ಅಳಿಸಿಲ್ಲ. ಆ ಹುಡುಗನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ತನ್ನ ಕಣ್ಣು ಎಳೆಯುತ್ತಿದೆ ಎಂದು ಒಪ್ಪಿಕೊಂಡು, ಕೈಲಾದ ಉಪಾಯವನ್ನು ಮಾಡಿದ.

ಕಾನೂನಿನಲ್ಲಿ ಈ ವಿಷಯಕ್ಕೆ ಒಂದು ವಿಚಿತ್ರವಾದ ಖಾಲಿ ಜಾಗವಿತ್ತು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಚಾಲಕನ ದುಡಿಮೆಯನ್ನು ದಿನಕ್ಕೆ ಎಂಟು, ವಾರಕ್ಕೆ 48 ಗಂಟೆಗೆ ಸೀಮಿತಗೊಳಿಸಿತು. ಐದು ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು, ಒಂದು ದಿನದ ಕೆಲಸಕ್ಕೂ ಮರುದಿನದ ಕೆಲಸಕ್ಕೂ ನಡುವೆ ಸತತ ಒಂಬತ್ತು ಗಂಟೆ ವಿರಾಮ, ವಾರದ ರಜೆ, ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಎಲ್ಲವನ್ನೂ ಅದು ಬರೆದಿಟ್ಟಿತು. ಆದರೆ ಅದರ 38ನೇ ಕಲಮು, ಕಾಯಿಲೆಯವರನ್ನೂ ಗಾಯಾಳುಗಳನ್ನೂ ಸಾಗಿಸುವ ವಾಹನಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು ಚಾಲಕರ ದುಡಿಮೆಯ ಹೊತ್ತಿಗೆ 1961ರ ಕಾಯ್ದೆಯತ್ತಲೇ ಬೆರಳು ತೋರಿಸಿತು. ಹೀಗೆ ಸರಕಿನ ಲಾರಿಯ ಚಾಲಕನಿಗೆ ಸಿಕ್ಕ ಮಿತಿ ಆಂಬುಲೆನ್ಸ್ ಚಾಲಕನಿಗೆ ಸಿಗಲಿಲ್ಲ. ಯುರೋಪಿನ ಚಾಲನಾವಧಿ ನಿಯಮವೂ ವೈದ್ಯಕೀಯ ವಾಹನಗಳಿಗೆ ವಿನಾಯಿತಿ ಕೊಡುತ್ತದೆ. ಗಂಟೆ ಮುಗಿಯಿತೆಂದು ರೋಗಿಯನ್ನು ನಡುದಾರಿಯಲ್ಲಿ ಬಿಟ್ಟುಹೋಗಬಾರದೆಂಬುದು ಇಂಥ ವಿನಾಯಿತಿಗೆ ತಕ್ಕ ಕಾರಣ. ಒಂದು ಪಯಣವನ್ನು ಪೂರ್ತಿ ಮಾಡಿಸಲು ಬೇಕಾದ ಆ ಸಡಿಲಿಕೆ, ತಿಂಗಳಿಡೀ ದಿನಕ್ಕೆ 12 ಗಂಟೆ ದುಡಿಸಲು ಆಸರೆಯಾಗಬಾರದಿತ್ತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ, ಆಂಬುಲೆನ್ಸಿಗೆ ದಾರಿ ಬಿಡದವನಿಗೆ 10,000 ರೂಪಾಯಿ ದಂಡ ಬಂತು. ಆ ಗಾಡಿಯೊಳಗೆ ನಿದ್ದೆಗೆಟ್ಟವನನ್ನು ಕೂರಿಸಿದವರನ್ನು ಕುರಿತು ಆ ನಿಯಮ ಏನನ್ನೂ ಹೇಳುವುದಿಲ್ಲ.

1961ರ ಕಾಯ್ದೆಯೂ ಸೇರಿ 13 ಕಾನೂನುಗಳನ್ನು ಒಂದುಗೂಡಿಸಿದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಕೆಲಸಗಾರನಿಗೆ ದಿನಕ್ಕೆ ಎಂಟು ಗಂಟೆ ಎಂಬ ಮಿತಿ ಅದರಲ್ಲಿಯೂ ಇದೆ. ಆಂಬುಲೆನ್ಸ್ ಸಿಬ್ಬಂದಿಯ ಹೆಸರೆತ್ತಿ, ಅವರ ಪಾಳಿ ಮತ್ತು ವಿರಾಮವನ್ನು ನಿಯಮಗಳಲ್ಲಿ ಸ್ಪಷ್ಟವಾಗಿ ಬರೆಯಿಸಿಕೊಳ್ಳಲು ಇದಕ್ಕಿಂತ ತಕ್ಕ ಸಮಯವಿಲ್ಲ.

ಉದ್ದನೆಯ ಪಾಳಿ ಮುಂದುವರಿಯಲು ಕಾರಣ ಯಾರೊಬ್ಬರ ಕ್ರೌರ್ಯವಲ್ಲ. ಗುತ್ತಿಗೆಯ ದರ ಗಾಡಿಯ ಲೆಕ್ಕದಲ್ಲಿ, ಕಿಲೋಮೀಟರಿನ ಲೆಕ್ಕದಲ್ಲಿ ಗೊತ್ತಾಗುವಾಗ, ಉಳಿಸಲು ಸಾಧ್ಯವಿರುವ ಖರ್ಚು ಜನರದು ಮಾತ್ರ. ಸಂಬಳ ಸಾಲದ ಚಾಲಕ ತಾನಾಗಿಯೇ ಡಬಲ್ ಡ್ಯೂಟಿ ಕೇಳುತ್ತಾನೆ. ರಜೆಯ ದಿನ ಬೇರೆ ಗಾಡಿ ಓಡಿಸುತ್ತಾನೆ. ದಾನಿಗಳು ಗಾಡಿಯನ್ನು ಕೊಡುತ್ತಾರೆ. ಅದರ ಪೂಜೆಯಾಗುತ್ತದೆ, ಫೋಟೊ ಬರುತ್ತದೆ. ಮೂರನೆಯ ಚಾಲಕನ ಸಂಬಳಕ್ಕೆ ಹಣ ಕೊಡುವವರು ವಿರಳ. ಕೋವಿಡ್ ಕಾಲದಲ್ಲಿ ಹಗಲಿರುಳು ದುಡಿದವರನ್ನು ಎಲ್ಲರೂ ಯೋಧರೆಂದು ಕೊಂಡಾಡಿದರು. ಆ ಹೊಗಳಿಕೆ ಮನಸ್ಸಿನಿಂದ ಬಂದದ್ದೇ. ಆದರೆ ನಿದ್ದೆಗೆಡುವುದನ್ನೇ ಸೇವಾನಿಷ್ಠೆಯ ಗುರುತೆಂದು ಒಪ್ಪಿಕೊಂಡ ಮೇಲೆ ನಿದ್ದೆ ಕೇಳುವುದು ನಾಚಿಕೆಯ ಮಾತಾಯಿತು. ಮುಂಬಯಿಯ ಕನ್ನಡಿಗರಿಗೆ ಇದು ತಿಳಿಯದ ವಿಷಯವಲ್ಲ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಅಂಗಡಿಯ ಮೂಲೆಯಲ್ಲಿ ನಾಲ್ಕು ಗಂಟೆ ಮಲಗಿ ಮೇಲೆ ಬಂದ ತಲೆಮಾರು ಇಲ್ಲಿನ ಸಂಘಗಳನ್ನು ಕಟ್ಟಿತು. ನಿದ್ದೆಯ ಬೆಲೆ ಆ ಹಿರಿಯರಿಗೆ ಗೊತ್ತು.

ಪರಿಹಾರದ ದಾರಿ ಬೇರೆ ಕಡೆ ಪರೀಕ್ಷೆಯಾಗಿದೆ. ಅಮೆರಿಕದ ತುರ್ತು ವೈದ್ಯಕೀಯ ಸೇವೆಗಳಿಗಾಗಿ ಪುರಾವೆಗಳನ್ನು ಕಲೆಹಾಕಿ 2018ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಐದು ಶಿಫಾರಸುಗಳನ್ನು ಮಾಡಿತು: ಸಿಬ್ಬಂದಿಯ ದಣಿವನ್ನು ಪ್ರಶ್ನಾವಳಿಯಿಂದ ಅಳೆಯುವುದು, ಪಾಳಿಯನ್ನು 24 ಗಂಟೆಗಿಂತ ಕಿರಿದಾಗಿಡುವುದು, ಕೆಲಸದ ಹೊತ್ತಿನಲ್ಲಿ ಕೆಫೀನು ದೊರೆಯುವಂತೆ ಮಾಡುವುದು, ಪಾಳಿಯ ನಡುವೆ ಕಿರುನಿದ್ದೆಗೆ ಅವಕಾಶ ಕೊಡುವುದು, ನಿದ್ದೆ ಮತ್ತು ದಣಿವಿನ ಬಗ್ಗೆ ತರಬೇತಿ ನೀಡುವುದು. ಇವುಗಳಲ್ಲಿ ಯಾವುದಕ್ಕೂ ದುಬಾರಿ ಯಂತ್ರ ಬೇಕಿಲ್ಲ.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ಮಾಡುವ ವಿನಂತಿಗಳು ಹೀಗಿವೆ.

1. ಪ್ರತಿ ಗಾಡಿಗೆ ಎಷ್ಟು ಚಾಲಕರು, ಎಷ್ಟು ಸಹಾಯಕರು ಎಂಬ ಲೆಕ್ಕವನ್ನು ಈ ತಿಂಗಳೇ ತೆಗೆಯಿರಿ. ಒಂದು ಸೀಟಿಗೆ ನಾಲ್ಕು ಜನರ ಗುರಿಯತ್ತ ಹೆಜ್ಜೆಹೆಜ್ಜೆಯಾಗಿ ಸಾಗಿ, ಎಂಟು ಗಂಟೆಯ ಮೂರು ಪಾಳಿಗಳನ್ನು ಜಾರಿಗೆ ತನ್ನಿ. ಅಲ್ಲಿಯವರೆಗೆ ಯಾರನ್ನೂ 12 ಗಂಟೆ ಮೀರಿ ಹೊಸ ಕಾಲ್‌ಗೆ ಕಳಿಸಬೇಡಿ. ಕೈಯಲ್ಲಿರುವ ರೋಗಿಯನ್ನು ಮುಟ್ಟಿಸಿದ ಮೇಲೆ ಆ ಪಾಳಿ ಮುಗಿಯಲಿ.

2. ಒಂದು ಪಾಳಿಗೂ ಮುಂದಿನದಕ್ಕೂ ನಡುವೆ ಕನಿಷ್ಠ 11 ಗಂಟೆ, ವಾರಕ್ಕೆ ಒಂದು ಪೂರ್ತಿ ದಿನ ವಿರಾಮ ಸಿಗಲಿ. ತಡವಾಗಿ ಮುಗಿದರೆ ಮರುದಿನ ತಡವಾಗಿ ಬರಲು ಒಪ್ಪಿಗೆಯಿರಲಿ.

3. ಗಾಡಿ ನಿಲ್ಲುವ ಪ್ರತಿ ಜಾಗದಲ್ಲಿ ಮಂಚ, ಫ್ಯಾನು, ಸೊಳ್ಳೆಪರದೆ, ಶೌಚಾಲಯವಿರುವ ಒಂದು ಕೋಣೆ ಕೊಡಿ. ರಾತ್ರಿಪಾಳಿಯಲ್ಲಿ ಸರದಿಯ ಮೇಲೆ 20-30 ನಿಮಿಷದ ನಿದ್ದೆಗೆ ಅನುಮತಿ ಇರಲಿ. ಆ ಹೊತ್ತಿನಲ್ಲಿ ಕಾಲ್ ಇನ್ನೊಬ್ಬರಿಗೆ ಹೋಗಲಿ. ರೋಗಿಯ ಸ್ಟ್ರೆಚರ್ ಸಿಬ್ಬಂದಿಯ ಹಾಸಿಗೆಯಾಗುವುದು ನಿಲ್ಲಲಿ.

4. ‘ನಿದ್ದೆ ಬರುತ್ತಿದೆ, ಓಡಿಸಲಾರೆ’ ಎಂದು ಹೇಳಿದವನಿಗೆ ಸಂಬಳ ಕಡಿತವಾಗಲಿ, ಬೈಗುಳವಾಗಲಿ ಇರದೆಂದು ಲಿಖಿತ ಭರವಸೆ ಕೊಡಿ.

5. ಥಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿಯ ಸಂಸ್ಥೆಗಳು ಕೂಡಿ ಬದಲಿ ಚಾಲಕರ ಒಂದು ಪಟ್ಟಿ ಮಾಡಿಕೊಳ್ಳಿ. ಒಬ್ಬರೇ ಮಾಲೀಕರಿರುವ ಸಣ್ಣ ಗಾಡಿಗಳಿಗೂ ಅದರಲ್ಲಿ ಪಾಲಿರಲಿ. ಬದಲಿಯವನು ಬರಲಿಲ್ಲವೆಂಬ ಕಾರಣಕ್ಕೆ ಯಾರೂ ಎರಡನೆಯ ದಿನವೂ ಡ್ಯೂಟಿಗೆ ಕೂರುವಂತಾಗಬಾರದು.

6. ಲಾಗ್‌ಬುಕ್ಕಿನಲ್ಲಿ ಕಿಲೋಮೀಟರು ಮತ್ತು ಡೀಸೆಲ್ಲಿನ ಪಕ್ಕದಲ್ಲಿ ಇನ್ನೆರಡು ಕಾಲಮುಗಳನ್ನು ಸೇರಿಸಿ: ಚಾಲಕ ಎಷ್ಟು ಗಂಟೆಯಿಂದ ಎಚ್ಚರವಿದ್ದಾನೆ, ಹಿಂದಿನ ದಿನ ಎಷ್ಟು ಗಂಟೆ ಮಲಗಿದ್ದ. ಅಪಘಾತವಾದರೆ ವರದಿಯಲ್ಲಿ ಮೊದಲು ಈ ಎರಡು ಅಂಕಿಗಳು ಬರಲಿ.

7. ಪಾಲಿಕೆ ಮತ್ತು ಆಸ್ಪತ್ರೆಗಳು ಟೆಂಡರ್ ಕರೆಯುವಾಗ ಗಾಡಿಗಳ ಸಂಖ್ಯೆಯೊಂದಿಗೆ ಗಾಡಿಗಿಷ್ಟು ಜನ, ಪಾಳಿಗಿಷ್ಟು ಗಂಟೆ ಎಂಬುದನ್ನೂ ಷರತ್ತಾಗಿ ಬರೆಯಿರಿ. ಡಬಲ್ ಡ್ಯೂಟಿ ಕೇಳದೆ ಸಂಸಾರ ನಡೆಯುವಷ್ಟು ಸಂಬಳವೂ ಆ ಷರತ್ತಿನಲ್ಲಿರಲಿ.

8. ಸಂಘ ಮತ್ತು ಟ್ರಸ್ಟುಗಳು ದಾನಿಗಳಿಂದ ಗಾಡಿ ಪಡೆಯುವಾಗ ಅದನ್ನು ನಡೆಸುವವರ ಸಂಬಳಕ್ಕೂ ನಿಧಿ ಕೇಳಿ. ಹೊಸ ಗಾಡಿಗಿಂತ ಮೊದಲು, ಇರುವ ಗಾಡಿಗೆ ಮೂರನೆಯ ಚಾಲಕನನ್ನು ನೇಮಿಸಿ.

9. ವರ್ಷಕ್ಕೊಮ್ಮೆ ಸಿಬ್ಬಂದಿಯ ರಕ್ತದೊತ್ತಡ, ಸಕ್ಕರೆ, ಕಣ್ಣು ತಪಾಸಣೆ ಮಾಡಿಸಿ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹಗಲು ತೂಕಡಿಕೆ ಇರುವವರನ್ನು ತಜ್ಞರಲ್ಲಿಗೆ ಕಳಿಸಿ. ನಿದ್ದೆಯಲ್ಲಿ ಉಸಿರು ನಿಲ್ಲುವ ಈ ಕಾಯಿಲೆಗೆ ಚಿಕಿತ್ಸೆಯಿದೆ.

10. ಹೊಸ ಸಂಹಿತೆಯಡಿ ಆಂಬುಲೆನ್ಸ್ ಸಿಬ್ಬಂದಿಯ ಪಾಳಿಯ ಮಿತಿಯನ್ನು ನಿಯಮಗಳಲ್ಲಿ ಸ್ಪಷ್ಟವಾಗಿ ಸೇರಿಸುವಂತೆ ರಾಜ್ಯ ಸರ್ಕಾರವನ್ನು ತಾವೆಲ್ಲ ಒಕ್ಕೊರಲಿನಿಂದ ಕೇಳಿ. ಸೇವೆ ನಡೆಸುವವರೇ ಕೇಳಿದರೆ ಆ ಮಾತಿಗೆ ತೂಕ ಹೆಚ್ಚು.

ಮೊದಲ, ಎರಡನೆಯ, ಏಳನೆಯ ಮತ್ತು ಎಂಟನೆಯ ವಿನಂತಿಗಳಿಗೆ ಹಣ ಬೇಕು. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ಒಂದು ಕೋಣೆ, ಒಂದು ರಿಜಿಸ್ಟರು, ಒಂದು ಒಪ್ಪಂದ ಸಾಕು. ಅವನ್ನು ನಾಳೆಯೇ ಆರಂಭಿಸಬಹುದು.



ಇತಿ ತಮ್ಮ ವಿಶ್ವಾಸಿ,
ಡೊಂಬಿವಲಿಯ ಒಬ್ಬ ಕನ್ನಡಿಗ